ಹೇಳಲು ಬಾರದ ಮಗುವಿಗೆ ಶೌಚದ ಪಾಠ

ಬೆಳವಣಿಗೆ ನಿಧಾನವಾಗಿರುವ ಮಗುವನ್ನು ಮನಃಶಾಸ್ತ್ರಜ್ಞರ ಬಳಿ ಕರೆದೊಯ್ದ ತಂದೆತಾಯಿಯರಿಗೆ ಎದುರಾಗುವ ಹತ್ತಾರು ಪ್ರಶ್ನೆಗಳಲ್ಲಿ ಒಂದೆರಡು ಶೌಚಕ್ಕೆ ಸಂಬಂಧಿಸಿದವು ಇದ್ದೇ ಇರುತ್ತವೆ. ದಿನನಿತ್ಯದ ಕೆಲಸಗಳಲ್ಲಿ ಮಗು ಯಾವ ವಯಸ್ಸಿನ ಮಟ್ಟದಲ್ಲಿದೆ ಎಂದು ಅಳೆಯಲು ಅಮೆರಿಕದ ಎಡ್ಗರ್ ಡಾಲ್ 1935ರಲ್ಲಿ ರೂಪಿಸಿದ ವೈನ್‌ಲ್ಯಾಂಡ್ ಮಾಪನದ ಭಾರತೀಯ ಆವೃತ್ತಿಗಳು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್‌ರಾಜ್ ಅವರು ಸಿದ್ಧಪಡಿಸಿದ್ದೂ ಅವುಗಳಲ್ಲಿ ಒಂದು. ಡಾಲ್ ಅವರ ಪಟ್ಟಿಯಲ್ಲಿ ಶೌಚಕ್ಕೆ ಹೋಗಬೇಕೆಂದು ಕೇಳುವುದು ಒಂದರಿಂದ ಎರಡು ವರ್ಷದ ಮಗುವಿನ ಮಟ್ಟದ ಕೌಶಲ, ಶೌಚಾಲಯದಲ್ಲಿ ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವುದು ಮೂರರಿಂದ ನಾಲ್ಕು ವರ್ಷದ ಮಟ್ಟದ್ದು. ಮೊದಲು ಕೇಳುವುದು, ಆಮೇಲೆ ಮಾಡುವುದು. ಸಾಮಾನ್ಯ ಬೆಳವಣಿಗೆಯ ಮಕ್ಕಳಲ್ಲಿ ಈ ಕ್ರಮ ಸರಿಯಾಗಿಯೇ ಇದೆ. ನಮ್ಮಂಥವರ ಮನೆಯ ಮಕ್ಕಳಿಗೂ ಇದೇ ಕ್ರಮ ಅನ್ವಯಿಸುತ್ತದೆಂದು ನಂಬಿ ಕೂತರೆ ಮಾತ್ರ ವರ್ಷಗಳು ಸುಮ್ಮನೆ ಉರುಳಿಹೋಗುತ್ತವೆ.

ನನ್ನ ಮಗನಿಗೆ ಆಟಿಸಂ ಇದೆ, ಜೊತೆಗೆ ಬೌದ್ಧಿಕ ಅಂಗವೈಕಲ್ಯವೂ ಇದೆ. ಆಡುವ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಅವನು ಚಿಕ್ಕವನಿದ್ದಾಗ ನೆಂಟರು, ನೆರೆಯವರು, ಶಾಲೆಯವರು ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಒಂದಕ್ಕೆ, ಎರಡಕ್ಕೆ ಹೇಳ್ತಾನಾ?" ಹೇಳುತ್ತಿರಲಿಲ್ಲ, ಈಗಲೂ ಬಾಯಿಬಿಟ್ಟು ಹೇಳುವುದು ಅಪರೂಪ. ಆದರೆ ಹೇಳುವುದು ಭಾಷೆಗೆ ಸೇರಿದ ಕೆಲಸ, ಹೋಗುವುದು ಕರುಳು, ಮೂತ್ರಕೋಶ, ಸ್ನಾಯು ಮತ್ತು ಅಭ್ಯಾಸಕ್ಕೆ ಸೇರಿದ ಕೆಲಸ. ಮಾತು ಬರಲಿ, ಆಮೇಲೆ ಡೈಪರ್ ಬಿಡಿಸೋಣ ಎಂದು ಕಾಯುತ್ತಿರುವ ಅಪ್ಪ ಅಮ್ಮಂದಿರನ್ನು ಥೆರಪಿ ಕೊಠಡಿಗಳ ಹೊರಗಿನ ಬೆಂಚುಗಳಲ್ಲಿ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಒಂದು ಮಾತೂ ಬಾರದ ಮಗು ದಿನವಿಡೀ ಒಣ ಚಡ್ಡಿಯಲ್ಲಿ ಇರಬಲ್ಲದು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗೆ ನೋಡಿದರೆ ನಮ್ಮ ಅಜ್ಜಿಯರಿಗೆ ಇದು ಗೊತ್ತಿದ್ದ ವಿಷಯವೇ. ಎರಡೂ ಕಾಲನ್ನು ನೀಡಿಕೊಂಡು ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿಕೊಂಡು, "ಶ್ಶ್ಶ್" ಎಂದು ಸದ್ದು ಮಾಡಿ ಉಚ್ಚೆ ಹೊಯ್ಯಿಸುತ್ತಿದ್ದಾಗ ಆ ಕೂಸು ಇನ್ನೂ ಅಮ್ಮ ಎನ್ನಲೂ ಕಲಿತಿರುತ್ತಿರಲಿಲ್ಲ. ಪೂರ್ವ ಆಫ್ರಿಕಾದ ದಿಗೋ ಸಮುದಾಯದ ತಾಯಂದಿರು ಇದೇ ಬಗೆಯಲ್ಲಿ ಐದಾರು ತಿಂಗಳಿಗೇ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದುದನ್ನು ಡಿವ್ರೀಸ್ ದಂಪತಿ 1977ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಬರೆದರು. ಅಲ್ಲಿ ಮಗು ಹೇಳುವುದಿಲ್ಲ. ಮಗುವಿನ ಮುಖ, ಹೊಟ್ಟೆಯ ಬಿಗಿತ, ಕಾಲ ಒದರಾಟ ಇವನ್ನೆಲ್ಲ ನೋಡಿ ತಾಯಿ ತಿಳಿದುಕೊಳ್ಳುತ್ತಾಳೆ. ನಮ್ಮ ಮಕ್ಕಳ ವಿಷಯದಲ್ಲಿ ಮಾಡಬೇಕಾದದ್ದೂ ಬಹುಮಟ್ಟಿಗೆ ಇಷ್ಟೇ, ಆದರೆ ಎರಡು ತಿಂಗಳ ಕೂಸಿಗಲ್ಲ, ಇಪ್ಪತ್ತು ಕೆಜಿ ತೂಗುವ, ತನ್ನದೇ ಹಠಗಳಿರುವ ಮಗುವಿಗೆ ಎಂಬುದೇ ತೊಡಕು.

ಈ ಪಾಠ ಬಚ್ಚಲುಮನೆಗೆ ಬರುವ ಮೊದಲು ಮಕ್ಕಳ ವೈದ್ಯರ ಕೋಣೆಯನ್ನು ಹಾದು ಬರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇಂಥ ಮಕ್ಕಳಲ್ಲಿ ಮಲಬದ್ಧತೆ ಬಹಳ ಸಾಮಾನ್ಯ. ಆಟಿಸಂ ಇರುವ ಮಗು ಮೊಸರನ್ನ, ಬಿಸ್ಕತ್ತು, ಹಾಲು ಇಷ್ಟನ್ನೇ ತಿಂದು ಕಾಲ ಹಾಕಬಹುದು. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಸ್ನಾಯುಗಳು ಸಡಿಲ, ಥೈರಾಯ್ಡ್ ಕೊರತೆಯೂ ಇರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಓಡಾಟವೇ ಕಡಿಮೆ. ಒಮ್ಮೆ ಗಟ್ಟಿ ಮಲ ಹೋಗುವಾಗ ನೋವಾಯಿತೆಂದರೆ ಮಗು ಮರುದಿನ ಬಿಗಿಹಿಡಿಯುತ್ತದೆ. ಬಿಗಿಹಿಡಿದಷ್ಟೂ ಮಲದ ನೀರು ಇಂಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಗುದನಾಳ ಹಿಗ್ಗುತ್ತದೆ, ಹಿಗ್ಗಿದ ಗುದನಾಳಕ್ಕೆ ತುಂಬಿದ ಅರಿವೇ ಆಗುವುದಿಲ್ಲ. ಕೊನೆಗೆ ಆ ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳಗಿನ ಮಲ ಜಿನುಗಿ ಚಡ್ಡಿಗೆ ಅಂಟುತ್ತದೆ. ಮನೆಯವರು ಇದನ್ನು ಭೇದಿ ಎಂದುಕೊಂಡು ಅದನ್ನು ನಿಲ್ಲಿಸಲು ಹೊರಡುತ್ತಾರೆ, ಇಲ್ಲವೇ ಬೇಕೆಂದೇ ಮಾಡಿಕೊಳ್ಳುತ್ತಿದ್ದಾನೆಂದು ಬೈಯುತ್ತಾರೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ಹಿಡಿತಕ್ಕೆ ಸಿಗುವುದಿಲ್ಲ. ಇಂಥ ಹೊಟ್ಟೆಯನ್ನು ಹೊತ್ತ ಮಗುವನ್ನು ಕಮೋಡಿನ ಮೇಲೆ ಗಂಟೆಗಟ್ಟಲೆ ಕೂರಿಸಿದರೆ ಅದು ಕಲಿಯುವುದು ಒಂದೇ ಪಾಠ, ಆ ಜಾಗಕ್ಕೆ ಹೆದರುವುದು.

ಹಳ್ಳಿಯ ಕಡೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ಇಡುವ ರೂಢಿ ಇನ್ನೂ ಇದೆ, ಸಾಬೂನಿನ ಚೂರು ಇಡುವವರೂ ಇದ್ದಾರೆ. ಸ್ಪರ್ಶಕ್ಕೇ ಬೆಚ್ಚುವ ಮಗುವಿಗೆ ಇದನ್ನು ಮಾಡಬೇಡಿ ಎಂದಷ್ಟೇ ಹೇಳುತ್ತೇನೆ. ಮಕ್ಕಳ ವೈದ್ಯರು ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಕೊಡುತ್ತಾರೆ. ಮೊದಲು ಕಟ್ಟಿಕೊಂಡದ್ದನ್ನು ಖಾಲಿ ಮಾಡಿಸಿ, ಆಮೇಲೆ ತಿಂಗಳುಗಟ್ಟಲೆ ಮಲವನ್ನು ಮೆತ್ತಗೆ ಇಡುವುದು ಅದರ ಉದ್ದೇಶ. ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಮರಳಲು ಅಷ್ಟು ಕಾಲ ಬೇಕು. ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ಎರಡನೆಯ ವಾರಕ್ಕೇ ಔಷಧಿ ನಿಲ್ಲಿಸುವವರೇ ಹೆಚ್ಚು, ಹೀಗಾಗಿ ಮತ್ತೆ ಮೊದಲಿನಿಂದ ಶುರು. ಮಗು ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರ ಗಮನಕ್ಕೆ ತರಬೇಕು: ಕಬ್ಬಿಣಾಂಶದ ಟಾನಿಕ್ ಮಲವನ್ನು ಗಟ್ಟಿಮಾಡಬಹುದು, ಸಿಟ್ಟು ಮತ್ತು ಚಡಪಡಿಕೆಗೆಂದು ಕೊಡುವ ರಿಸ್ಪೆರಿಡೋನ್ ಕೆಲವು ಮಕ್ಕಳಲ್ಲಿ ಉಚ್ಚೆಯ ಹಿಡಿತ ತಪ್ಪಿಸಬಹುದು. ಮೂರ್ಛೆರೋಗವಿರುವ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಅದು ನಿದ್ದೆಯಲ್ಲಿ ಬಂದ ಫಿಟ್ಸ್ ಇರಲೂಬಹುದು. ಸರಿಯಾಗಿ ಹೋಗುತ್ತಿದ್ದ ಮಗು ಏಕಾಏಕಿ ಹಿಂದೆ ಬಿದ್ದರೆ ಮೊದಲು ಮೂತ್ರದ ಸೋಂಕನ್ನು ಪರೀಕ್ಷಿಸಬೇಕು. ಸೋಂಕಿಲ್ಲವಾದರೆ ಶಾಲೆಯಲ್ಲೋ ವ್ಯಾನಿನಲ್ಲೋ ಯಾರಾದರೂ ಮಗುವಿನೊಡನೆ ಕೆಟ್ಟದಾಗಿ ನಡೆದುಕೊಂಡಿದ್ದಾರೆಯೇ ಎಂದು ವಿಚಾರಿಸುವುದಕ್ಕೂ ಹಿಂಜರಿಯಬಾರದು.

ಹೊಟ್ಟೆ ಹದಕ್ಕೆ ಬಂದ ಮೇಲಿನ ಕೆಲಸ ಬರೆದಿಡುವುದು. ನಮ್ಮ ಬಚ್ಚಲುಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ನೂರು ಪುಟದ ನೋಟ್‌ಬುಕ್ಕನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದೆವು. ಪೆನ್ಸಿಲಿಗೂ ಅದೇ ದಾರ. ಏನು ಕುಡಿದ, ಎಷ್ಟು ಹೊತ್ತಿಗೆ ಚಡ್ಡಿ ಒದ್ದೆಯಾಯಿತು, ಎರಡಕ್ಕೆ ಯಾವಾಗ, ಹೇಗಿತ್ತು. ಕೊನೆಯ ಕಾಲಮ್ಮಿಗೆ ಬ್ರಿಸ್ಟಲ್ ಮಲಪಟ್ಟಿಯ ಸಂಖ್ಯೆ: ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತಯಾರಾಗಿ 1997ರಲ್ಲಿ ಪ್ರಕಟವಾದ ಈ ಪಟ್ಟಿ ಆಡಿನ ಹಿಕ್ಕೆಯಂಥ ಒಂದನೆಯ ಬಗೆಯಿಂದ ನೀರಿನಂಥ ಏಳನೆಯ ಬಗೆಯವರೆಗೆ ಮಲವನ್ನು ವಿಂಗಡಿಸುತ್ತದೆ, ಮೂರು ನಾಲ್ಕು ಬಂದರೆ ನಿಶ್ಚಿಂತೆ. ಅಜ್ಜಿಯೂ ಸೇರಿದಂತೆ ಮನೆಯ ಎಲ್ಲರೂ "ಇವತ್ತು ಎರಡನೇ ನಂಬರು" ಎಂದು ಮಾತಾಡಿಕೊಳ್ಳುವ ಮನೆ ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು, ಆದರೆ ಬಾಯಿಮಾತಿನ ವರ್ಣನೆಗಿಂತ ಆ ಸಂಖ್ಯೆಯೇ ವೈದ್ಯರಿಗೆ ಉಪಯುಕ್ತ. ಕೆಲವು ದಿನ ಹೀಗೆ ಬರೆದರೆ ಯಾವ ಮಗುವಿನ ದಿನಚರಿಯಲ್ಲೂ ಒಂದು ಲಯ ಕಾಣಿಸುತ್ತದೆ. ಊಟ ಹೊಟ್ಟೆಗೆ ಬಿದ್ದೊಡನೆ ದೊಡ್ಡಕರುಳು ತಾನಾಗಿ ಚಲಿಸತೊಡಗುವುದರಿಂದ ತಿಂಡಿಯಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಎರಡಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಮಗುವಿನ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯುವ ಪ್ರಮಾಣ ಮಿಲಿಲೀಟರ್ ಲೆಕ್ಕದಲ್ಲಿ ಅಂದಾಜಾಗಿ ಸಿಗುತ್ತದೆ, ಐದು ವರ್ಷದ ಮಗುವಿಗೆ ಸುಮಾರು 180. ಎರಡು ಗಂಟೆ ಒಣಗಿರಬಲ್ಲ ಮಗುವನ್ನು ಒಂದೂ ಮುಕ್ಕಾಲು ಗಂಟೆಗೊಮ್ಮೆ ಕರೆದೊಯ್ದರೆ ಉಚ್ಚೆ ಚಡ್ಡಿಗೆ ಬದಲು ಬೀಳಬೇಕಾದಲ್ಲಿ ಬೀಳುತ್ತದೆ, ಬಿದ್ದ ಆ ಕ್ಷಣದಲ್ಲೇ ಬಹುಮಾನ ಕೈಗೆ ಬರಬೇಕು. ನನ್ನ ಮಗನಿಗೆ ಆ ಬಹುಮಾನ ಒಂದು ಸಣ್ಣ ಟಾರ್ಚ್ ಆಗಿತ್ತು. ಬೇರೆ ಯಾವ ಹೊತ್ತಿನಲ್ಲೂ ಅದು ಅವನಿಗೆ ಸಿಗುತ್ತಿರಲಿಲ್ಲ. ಚಾಕಲೇಟಿಗಿಂತ ಟಾರ್ಚ್ ಒಳ್ಳೆಯದು, ಮಲಬದ್ಧತೆ ತರುವುದಿಲ್ಲ.

ಜಾಗವೂ ಮುಖ್ಯ. ನಮಗೆ ಲೆಕ್ಕಕ್ಕೇ ಬಾರದ ಸಂಗತಿಗಳು ಆಟಿಸಂ ಇರುವ ಮಗುವಿಗೆ ದೊಡ್ಡ ಅಡ್ಡಿಗಳಾಗುತ್ತವೆ: ಫ್ಲಶ್‌ನ ಅಬ್ಬರ, ಎಕ್ಸಾಸ್ಟ್ ಫ್ಯಾನಿನ ಗುಂಯ್‌ಗುಡುವಿಕೆ, ಫಿನೈಲಿನ ಘಾಟು, ಒದ್ದೆ ನೆಲ, ತಣ್ಣಗಿನ ಸೀಟು. ನನ್ನ ಮಗ ಫ್ಲಶ್ ಗುಂಡಿಯತ್ತ ಯಾರದಾದರೂ ಕೈ ಹೋದರೆ ಸಾಕು, ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಬಹಳ ಕಾಲ ನಾವು ಅವನು ಹೊರಬಂದು ದೂರ ಹೋದ ಮೇಲೆ ಬಕೆಟ್ಟಿನಿಂದಲೇ ನೀರು ಸುರಿದೆವು. ಮುಂದೊಂದು ದಿನ ಅವನೇ ಗುಂಡಿ ಒತ್ತಿ ಸದ್ದಿನ ಯಜಮಾನನಾದ ಮೇಲೆ ಆ ಹೆದರಿಕೆ ತಗ್ಗಿತು. ಭಾರತೀಯ ಶೈಲಿಯೋ ಕಮೋಡೋ ಎಂಬ ಚರ್ಚೆ ಮನೆಮನೆಯಲ್ಲೂ ಇದೆ. ಕುಕ್ಕರುಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೇರವಾಗುವುದರಿಂದ ಮಲ ಸಲೀಸಾಗಿ ಹೋಗುತ್ತದೆ ಎಂಬುದು ನಿಜ, ಆದರೆ ಸ್ನಾಯು ಸಡಿಲವಿರುವ ಮಗು ಬೀಳುವ ಭಯದಲ್ಲೇ ಮೈ ಬಿಗಿಹಿಡಿಯುತ್ತದೆ. ಅಂಥ ಮಗುವಿಗೆ ಕಮೋಡಿನ ಮೇಲೆ ಚಿಕ್ಕ ಸೀಟು ಇಟ್ಟು, ಪಾದಗಳು ಗಾಳಿಯಲ್ಲಿ ತೂಗಾಡದಂತೆ ಕೆಳಗೊಂದು ಮಣೆಯನ್ನು ಕೊಡಬೇಕು. ಐದು ನಿಮಿಷ ಕೂತರೆ ಸಾಕು.

ಉಚ್ಚೆ ಬಂದಷ್ಟು ಬೇಗ ಕಕ್ಕದ ಪಾಠ ಬರುವುದಿಲ್ಲ. ಎಷ್ಟೋ ಮಕ್ಕಳು ಡೈಪರ್ ತಂದು ಕೈಗೆ ಕೊಟ್ಟು, ಹಾಕಿಸಿಕೊಂಡು, ಪರದೆಯ ಹಿಂದೋ ಬೀರುವಿನ ಸಂದಿನಲ್ಲೋ ನಿಂತು ಮುಗಿಸುತ್ತವೆ. ನನ್ನ ಮಗ ಮಂಚದ ತುದಿಯನ್ನು ಹಿಡಿದು, ಮೊಣಕಾಲು ಕೊಂಚ ಬಗ್ಗಿಸಿ, ಗೋಡೆಯನ್ನೇ ದಿಟ್ಟಿಸುತ್ತ ನಿಲ್ಲುತ್ತಿದ್ದ. ಮುಖ ಕೆಂಪೇರುತ್ತಿತ್ತು, ಯಾರಾದರೂ ಹತ್ತಿರ ಹೋದರೆ ಕೈಯಿಂದ ತಳ್ಳುತ್ತಿದ್ದ. ಇದನ್ನು ಹಠ ಎನ್ನುವವರು ಆ ಮಗುವಿಗೆ ಹಿಡಿತ ಚೆನ್ನಾಗಿಯೇ ಬಂದಿದೆ ಎಂಬುದನ್ನು ಗಮನಿಸುವುದಿಲ್ಲ. ಡೈಪರ್ ಬರುವವರೆಗೂ ತಡೆದು ನಿಲ್ಲಬಲ್ಲ ಮಗುವಿಗೆ ಕಲಿಯಬೇಕಾದದ್ದು ಜಾಗ ಮಾತ್ರ. ಡೈಪರನ್ನು ಕಿತ್ತುಕೊಂಡರೆ ಮಗು ದಿನಗಟ್ಟಲೆ ಕಟ್ಟಿಕೊಂಡು ಕೂರುತ್ತದೆ, ಮಲಬದ್ಧತೆ ಮರಳುತ್ತದೆ. ಅದರ ಬದಲು ಡೈಪರ್ ಸಮೇತ ಬಚ್ಚಲುಮನೆಯೊಳಗೆ ನಿಲ್ಲಿಸುವುದು, ಮುಂದೆ ಡೈಪರ್ ಸಮೇತ ಸೀಟಿನ ಮೇಲೆ ಕೂರಿಸುವುದು, ಆಮೇಲೆ ಅದನ್ನು ಸಡಿಲಗೊಳಿಸುವುದು, ಕತ್ತರಿಯಿಂದ ನಡುವೆ ತೂತು ಮಾಡಿ ಆ ತೂತನ್ನು ದೊಡ್ಡದು ಮಾಡುತ್ತ ಹೋಗುವುದು, ಇದು ಥೆರಪಿಸ್ಟರು ಹೇಳಿಕೊಡುವ ದಾರಿ. ಕೊನೆಗೆ ನನ್ನ ಮಗನ ಸೊಂಟದಲ್ಲಿ ಉಳಿದದ್ದು ಒಂದು ಪಟ್ಟಿ ಮಾತ್ರ, ಅದನ್ನು ಕಟ್ಟದಿದ್ದರೆ ಕೂರುತ್ತಿರಲಿಲ್ಲ.

ಪಾಶ್ಚಾತ್ಯರ ಪುಸ್ತಕಗಳು ಹೇಳಿಕೊಡದ ಒಂದು ಸಂಗತಿ ತೊಳೆದುಕೊಳ್ಳುವುದು. ಕಾಗದದಲ್ಲಿ ಒರೆಸಿಕೊಳ್ಳಲು ಒಂದು ಕೈ ಸಾಕು. ನಮ್ಮಲ್ಲಿ ಬಲಗೈ ಮಗ್ಗಿನಿಂದ ನೀರನ್ನು ಒಂದೇ ಸಮನೆ ಸುರಿಯುತ್ತಿರಬೇಕು, ಅದೇ ಹೊತ್ತಿಗೆ ಎಡಗೈ ಕಣ್ಣಿಗೆ ಕಾಣದ ಜಾಗವನ್ನು ತಲುಪಿ ತೊಳೆಯಬೇಕು, ಇಷ್ಟರ ನಡುವೆ ಮೈ ವಾಲಬಾರದು, ಬಟ್ಟೆ ಒದ್ದೆಯಾಗಬಾರದು. ಇದು ಬಹಳ ಕಷ್ಟದ ಕೌಶಲ. ಎರಡು ಕೈಗಳು ಬೇರೆಬೇರೆ ಕೆಲಸ ಮಾಡುವುದನ್ನು ಮೊದಲು ಬೇರೆ ಕಡೆ ಕಲಿಸಬೇಕು: ಸ್ನಾನದ ಹೊತ್ತಿನಲ್ಲಿ ಒಂದು ಕೈಯಿಂದ ಮೊಣಕಾಲಿಗೆ ನೀರು ಹೊಯ್ದು ಇನ್ನೊಂದರಿಂದ ಉಜ್ಜುವುದು, ಚಡ್ಡಿಯ ಹಿಂಭಾಗಕ್ಕೆ ಸಿಕ್ಕಿಸಿದ ಬಟ್ಟೆ ಕ್ಲಿಪ್ಪುಗಳನ್ನು ನೋಡದೆ ಕೀಳುವುದು. ಕೈಲಿ ಹಿಡಿಯುವ ಜೆಟ್ ಸ್ಪ್ರೇ ಅನೇಕ ಮನೆಗಳಲ್ಲಿ ಇದನ್ನು ಸುಲಭಗೊಳಿಸಿದೆ, ಆದರೆ ಅದರ ರಭಸಕ್ಕೆ ಹೆದರುವ ಮಕ್ಕಳೂ ಇದ್ದಾರೆ, ಅದನ್ನೇ ಪಿಚಕಾರಿ ಮಾಡಿಕೊಂಡು ಸೂರಿನವರೆಗೂ ತೋಯಿಸುವವರೂ ಇದ್ದಾರೆ. ಒಟ್ಟು ಕೆಲಸವನ್ನು ತುಂಡು ಮಾಡಿ ಕೊನೆಯ ತುಂಡಿನಿಂದ ಕಲಿಸುತ್ತ ಬರುವುದು ವಿಶೇಷ ಶಿಕ್ಷಕರ ರೂಢಿ. ಮೊದಲು ಅರ್ಧಕ್ಕೆ ಏರಿಸಿಕೊಟ್ಟ ಚಡ್ಡಿಯನ್ನು ಮಗು ಸೊಂಟಕ್ಕೆ ಎಳೆದುಕೊಳ್ಳಲಿ, ಉಳಿದದ್ದೆಲ್ಲ ನಾವು ಮಾಡೋಣ. ಕೆಲಸ ಮುಗಿಸಿದ ಸಂತೋಷ ಮೊದಲ ದಿನದಿಂದಲೇ ಅದರ ಪಾಲಿಗೆ ಬರುತ್ತದೆ. ಎಲಾಸ್ಟಿಕ್ ಚಡ್ಡಿಯೇ ಸರಿ. ಸಮವಸ್ತ್ರದ ಹುಕ್ಕು, ಬೆಲ್ಟು, ಜಿಪ್ಪುಗಳ ಜೊತೆ ಗುದ್ದಾಡುವಷ್ಟರಲ್ಲಿ ಎಷ್ಟೋ ಮಕ್ಕಳ ಶ್ರಮ ನೀರಾಗುತ್ತದೆ.

ಈ ವಿದ್ಯೆಯ ಚರಿತ್ರೆಯಲ್ಲಿ ಕಹಿ ಪುಟಗಳೂ ಇವೆ. ಅಮೆರಿಕದ ಇಲಿನಾಯ್ ರಾಜ್ಯದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಎಂಬ ಮನೋವಿಜ್ಞಾನಿಗಳು, ತೀವ್ರ ಬೌದ್ಧಿಕ ಅಂಗವೈಕಲ್ಯವಿದ್ದು ಸಂಸ್ಥೆಯಲ್ಲೇ ಬದುಕುತ್ತಿದ್ದ ವಯಸ್ಕರಿಗೆ ಕೆಲವೇ ದಿನಗಳಲ್ಲಿ ಶೌಚದ ಅಭ್ಯಾಸ ಮಾಡಿಸಿದ್ದನ್ನು 1971ರಲ್ಲಿ ಪ್ರಕಟಿಸಿದರು. ಧಾರಾಳವಾಗಿ ಕುಡಿಯಲು ಕೊಡುವುದು, ಅರ್ಧ ಗಂಟೆಗೊಮ್ಮೆ ಕೂರಿಸುವುದು, ಒದ್ದೆಯಾದರೆ ಸದ್ದು ಮಾಡುವ ಒಳಉಡುಪು, ಯಶಸ್ಸಿಗೆ ತಕ್ಷಣದ ಮೆಚ್ಚುಗೆ, ಇವೆಲ್ಲ ಇವತ್ತಿಗೂ ಉಳಿದುಕೊಂಡಿವೆ. ಅದುವರೆಗೆ ಇಂಥವರಿಗೆ ಕಲಿಸಲು ಸಾಧ್ಯವೇ ಇಲ್ಲವೆಂದು ಕೈಬಿಡಲಾಗಿತ್ತು ಎಂಬುದನ್ನು ನೆನೆದರೆ ಅದು ದೊಡ್ಡ ಸಾಧನೆಯೇ. ಆದರೆ ಒದ್ದೆ ಮಾಡಿಕೊಂಡವರಿಂದ ನೆಲ, ಬಟ್ಟೆಗಳನ್ನು ತೊಳೆಸುವ ಶಿಕ್ಷೆಯೂ ಆ ವಿಧಾನದ ಭಾಗವಾಗಿತ್ತು, ಮತ್ತು ನಮ್ಮ ಮನೆಗಳಲ್ಲಿ ಯಾರ ಪುಸ್ತಕವನ್ನೂ ಓದದೆ ಉಳಿಸಿಕೊಂಡಿರುವುದು ಇದೊಂದನ್ನೇ. ಬೆನ್ನಿಗೆ ಏಟು, ನೀರು ಕೊಡದಿರುವುದು, ಎಲ್ಲರೆದುರು "ನಾಚಿಕೆ ಆಗಲ್ವಾ" ಎನ್ನುವುದು. ತನ್ನ ದೇಹದ ಸೂಚನೆಯೇ ಸರಿಯಾಗಿ ತಿಳಿಯದ ಮಗು ಇದರಿಂದ ಕಲಿಯುವುದು ಅಡಗಿ ಕೂರುವುದನ್ನು ಮಾತ್ರ. ನೀರು ಕಡಿಮೆ ಮಾಡಿದರೆ ಮಲ ಗಟ್ಟಿ, ಮೂತ್ರ ಉರಿ. ಎರಡೂ ಪಾಠಕ್ಕೆ ವಿರೋಧಿಗಳು.

ಮನೆಯಲ್ಲಿ ಗೆದ್ದ ಮಗು ಹೊಸ್ತಿಲು ದಾಟಿದರೆ ಮತ್ತೆ ಮೊದಲಿನಂತಾಗುವುದು ಇನ್ನೊಂದು ಪರೀಕ್ಷೆ. ಅಜ್ಜಿಯ ಊರಿನ ಹಿತ್ತಿಲ ಪಾಯಿಖಾನೆ, ಬಸ್‌ಸ್ಟ್ಯಾಂಡಿನ ಶೌಚಾಲಯ, ಛತ್ರದ ಬಚ್ಚಲು ಇವೆಲ್ಲ ನನ್ನ ಮಗನ ಪಾಲಿಗೆ ಬೇರೆಬೇರೆ ಲೋಕಗಳು. ನಾವು ಅವನ ನೀಲಿ ಮಗ್ಗನ್ನು ಚೀಲದಲ್ಲಿ ಹಾಕಿಕೊಂಡೇ ಊರೂರು ತಿರುಗಿದೆವು. ಮಗ್ಗು ಕಂಡರೆ ಅದು ಶೌಚದ ಜಾಗವೆಂದು ಅವನಿಗೆ ಖಾತ್ರಿಯಾಗುತ್ತಿತ್ತು. ದೂರದ ಪ್ರಯಾಣದಲ್ಲಿ ಬಸ್ಸು ನಿಂತೊಡನೆ ಗಂಡಸರೆಲ್ಲ ಇಳಿದು ರಸ್ತೆ ಬದಿಗೆ ಸಾಲಾಗಿ ನಿಲ್ಲುವ ನಾಡು ನಮ್ಮದು. ಆಟಿಸಂ ಇರುವ ಹುಡುಗನಿಗೆ ಒಮ್ಮೆ ಅದನ್ನು ತೋರಿಸಿದರೆ ಮುಗಿಯಿತು, ಮುಂದೆ ಕಂಡ ಕಂಡ ಕಾಂಪೌಂಡು ಗೋಡೆಗಳೆಲ್ಲ ಅವನ ಲೆಕ್ಕಕ್ಕೆ ಶೌಚಾಲಯಗಳೇ, ನಿಮ್ಮ ಮೇಲಧಿಕಾರಿಯ ಮನೆಯ ಗೋಡೆಯೂ ಸೇರಿ. ಇದರಲ್ಲಿ ತಂದೆಯರ ಪಾಲು ದೊಡ್ಡದು. ಎಂಟು ಹತ್ತು ವರ್ಷದ ಹುಡುಗನನ್ನು ತಾಯಿ ಹೆಂಗಸರ ಶೌಚಾಲಯಕ್ಕೆ ಕರೆದೊಯ್ಯುವಂತಿಲ್ಲ, ಗಂಡಸರ ಕಡೆಗೆ ಒಬ್ಬನನ್ನೇ ಬಿಡುವಂತಿಲ್ಲ. ಚಡ್ಡಿಯನ್ನು ಪಾದದವರೆಗೆ ಇಳಿಸದೆ ನಿಂತು ಮುಗಿಸುವುದು, ಪಕ್ಕದವರನ್ನು ನೋಡದಿರುವುದು, ಬಾಗಿಲು ಹಾಕಿದ ಮೇಲಷ್ಟೇ ಬಟ್ಟೆಗೆ ಕೈ ಹಾಕುವುದು, ಮನೆಯವರನ್ನೂ ನೇಮಿಸಿದ ಆಯಾಳನ್ನೂ ಬಿಟ್ಟು ಬೇರೆ ಯಾರಾದರೂ ತೊಳೆಯಲು ಬಂದರೆ ಕೂಗುವುದು, ಇವನ್ನೆಲ್ಲ ಜೊತೆಯಲ್ಲಿ ನಿಂತು ಕಲಿಸಬೇಕಾದವನು ಅಪ್ಪನೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೆಯ ಕಲಮು ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದೂ ಶಾಲೆಯ ಸೌಲಭ್ಯಗಳು ಅವರಿಗೆ ಎಟುಕುವಂತಿರಬೇಕೆಂದೂ ಹೇಳುತ್ತದೆ. ಆದರೂ "ಡೈಪರ್ ಬಿಟ್ಟ ಮೇಲೆ ಬನ್ನಿ" ಎಂಬ ಮಾತನ್ನು ನಾವು ಒಂದಲ್ಲ ಎರಡು ಶಾಲೆಗಳ ಕಚೇರಿಯಲ್ಲಿ ಕೇಳಿದ್ದೇವೆ. ಅವುಗಳಲ್ಲಿ ಒಂದರಲ್ಲಿ ಗಾಲಿಕುರ್ಚಿಯ ಚಿತ್ರವಿದ್ದ ಶೌಚಾಲಯಕ್ಕೆ ಬೀಗ ಹಾಕಿ ಒಳಗೆ ಪೊರಕೆ, ಬಕೆಟ್ಟು ತುಂಬಿದ್ದರು. ಶಿಕ್ಷಕಿಯರನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ನಲವತ್ತು ಮಕ್ಕಳ ತರಗತಿಯನ್ನು ಬಿಟ್ಟು ಒಂದು ಮಗುವಿನ ಜೊತೆ ಅವರು ಹೋಗುವುದಾದರೂ ಹೇಗೆ? ಅಲ್ಲಿ ಬೇಕಾದದ್ದು ಒಬ್ಬ ಸಹಾಯಕಿ, ಒಂದು ನಿಗದಿತ ವೇಳೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಉಪೇಕ್ಷೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 1994ರ ಪುಣೆಯ ಘಟನೆಯೇ ಸಾಕ್ಷಿ. ಶಿರೂರಿನ ಸರ್ಕಾರಿ ವಸತಿ ಶಾಲೆಯಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹಲವು ಹುಡುಗಿಯರಿಗೆ ಮುಟ್ಟಿನ ಶುಚಿತ್ವ ನಿಭಾಯಿಸಲಾಗದು ಎಂಬ ಕಾರಣ ಕೊಟ್ಟು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯಲಾಯಿತು, ದೇಶದಾದ್ಯಂತ ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 2016ರ ಕಾಯ್ದೆಯ 10ನೆಯ ಕಲಮಿನ ಪ್ರಕಾರ ವಿಕಲಚೇತನರಿಗೆ ಅವರ ಸ್ವತಂತ್ರ ಸಮ್ಮತಿಯಿಲ್ಲದೆ ಬಂಜೆತನಕ್ಕೆ ದಾರಿಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಚಡ್ಡಿ ಏರಿಸಿಕೊಳ್ಳಲು, ತೊಳೆದುಕೊಳ್ಳಲು, ಬಾಗಿಲು ಹಾಕಿಕೊಳ್ಳಲು ಆರೇಳು ವರ್ಷಕ್ಕೇ ಕಲಿತ ಹುಡುಗಿಗೆ ಹನ್ನೆರಡರಲ್ಲಿ ಪ್ಯಾಡು ಬದಲಿಸುವುದು ಅದೇ ಸಾಲಿನ ಇನ್ನೊಂದು ಹೆಜ್ಜೆ. ಅದಕ್ಕೇ ಹೆಣ್ಣುಮಕ್ಕಳ ತಾಯಂದಿರಿಗೆ ನಾನು ಇನ್ನೂ ಅವಸರ ಮಾಡಿ ಎನ್ನುವುದು.

ಎಲ್ಲ ಮಕ್ಕಳೂ ಪೂರ್ತಿ ಸ್ವತಂತ್ರರಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಬೆನ್ನುಹುರಿಯ ದೋಷವಿರುವ ಸ್ಪೈನಾ ಬೈಫಿಡಾದಂಥ ಸ್ಥಿತಿಯಲ್ಲಿ ಮೂತ್ರಕೋಶಕ್ಕೆ ನರಗಳ ಸಂದೇಶವೇ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ತರಬೇತಿಯೆಂದರೆ ಹೊತ್ತುಹೊತ್ತಿಗೆ ಶುಚಿಯಾದ ಕೆಥೆಟರ್ ಎಂಬ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯುವುದನ್ನು ಮಗುವೇ ಕಲಿಯುವುದು. ತೀವ್ರ ಅಂಗವೈಕಲ್ಯವಿರುವ ಮಗು ಜೀವನಪೂರ್ತಿ ಇನ್ನೊಬ್ಬರು ಗಡಿಯಾರ ನೋಡಿ ಕರೆದೊಯ್ದರಷ್ಟೇ ಒಣಗಿರಬಹುದು. ಅದನ್ನೂ ನಾನು ಯಶಸ್ಸೆಂದೇ ಎಣಿಸುತ್ತೇನೆ: ಚರ್ಮ ಕೆಂಪಾಗುವುದಿಲ್ಲ, ವಾಸನೆಯ ಕಾರಣಕ್ಕೆ ಯಾರೂ ದೂರ ಸರಿಯುವುದಿಲ್ಲ, ಮದುವೆ ಮುಂಜಿಗಳಿಗೆ ಇಡೀ ಮನೆ ಹೊರಡಬಹುದು.

ನನ್ನ ಮಗ ಈಗ ಹಗಲಿನಲ್ಲಿ ತಾನೇ ಹೋಗುತ್ತಾನೆ, ತೊಳೆದದ್ದನ್ನು ನಾವು ಒಮ್ಮೆ ನೋಡಬೇಕಾಗುತ್ತದೆ. ರಾತ್ರಿಯದು ಇನ್ನೂ ಆಗಿಲ್ಲ. ಅದಕ್ಕೂ ಹಗಲಿನ ತರಬೇತಿಗೂ ಸಂಬಂಧ ಕಡಿಮೆ; ಐದನೆಯ ವಯಸ್ಸಿನಲ್ಲಿ ಸಾಮಾನ್ಯ ಮಕ್ಕಳಲ್ಲೂ ನೂರಕ್ಕೆ ಸುಮಾರು ಹದಿನೈದು ಮಂದಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ, ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ಹಾರ್ಮೋನು ಮತ್ತು ಮೂತ್ರಕೋಶದ ಕರೆಗೆ ಎಚ್ಚರಗೊಳ್ಳುವ ಶಕ್ತಿ ಎರಡೂ ತಮ್ಮದೇ ವೇಗದಲ್ಲಿ ಪಕ್ವವಾಗುತ್ತವೆ. ವೈದ್ಯರು ಮೂತ್ರ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ತೊಂದರೆಯೇನೂ ಇಲ್ಲವೆಂದ ಮೇಲೆ, ಒದ್ದೆಯಾದೊಡನೆ ಎಬ್ಬಿಸುವ ಅಲಾರಂ ಪ್ರಯತ್ನಿಸಬಹುದು ಎಂದಿದ್ದಾರೆ. ಸದ್ದಿಗೆ ಬೆಚ್ಚುವವನಾದ್ದರಿಂದ ಕಂಪಿಸಿ ಎಚ್ಚರಿಸುವಂಥದ್ದನ್ನೇ ತರಿಸಿ, ಬೇಸಿಗೆ ರಜೆಯಲ್ಲಿ, ಮರುದಿನ ಬೆಳಿಗ್ಗೆ ಯಾರಿಗೂ ಬಸ್ಸು ಹಿಡಿಯುವ ಅವಸರವಿಲ್ಲದ ಕಾಲದಲ್ಲಿ ಶುರುಮಾಡಬೇಕೆಂದಿದ್ದೇವೆ.